ತಾನು ಕಟ್ಟಿದ ಮನೆಯ ಹೊಸ್ತಿಲಾಚೆ

ನಮ್ಮ ಪತ್ರಿಕೆಗಳು ಬಹುಕಾಲದಿಂದ ಬಳಸುತ್ತ ಬಂದಿರುವ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಮಾತು ಅನುಕೂಲಕರವಾದುದು. ಸಲಿಂಗಪ್ರೇಮಿ ಗಂಡಸರು, ಸಲಿಂಗಪ್ರೇಮಿ ಹೆಂಗಸರು, ದ್ವಿಲಿಂಗಪ್ರೇಮಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಎಲ್ಲರನ್ನೂ ಅದು ಒಂದೇ ಸೂರಿನಡಿ ತಂದು ನಿಲ್ಲಿಸುತ್ತದೆ. ‘ಎಲ್‌ಜಿಬಿಟಿ’ ಎಂಬ ನಾಲ್ಕು ಅಕ್ಷರಗಳು ಮಾಡುವ ಕೆಲಸವೂ ಇದೇ. ಆದರೆ ಈ ನಾಲ್ಕರಲ್ಲಿ ಮೊದಲ ಮೂರು, ಒಬ್ಬರು ಯಾರನ್ನು ಪ್ರೀತಿಸುತ್ತಾರೆ ಎಂಬುದಕ್ಕೆ ಸಂಬಂಧಿಸಿದವು. ಕೊನೆಯದು, ಒಬ್ಬರು ತಮ್ಮನ್ನು ತಾವು ಹೆಣ್ಣೆಂದು ಅರಿಯುತ್ತಾರೋ ಗಂಡೆಂದು ಅರಿಯುತ್ತಾರೋ ಎಂಬುದಕ್ಕೆ ಸಂಬಂಧಿಸಿದ್ದು. ಇವು ಎರಡು ಬೇರೆ ಸಂಗತಿಗಳು. ಚರಿತ್ರೆಯಲ್ಲಿ ಇವೆರಡೂ ಒಂದಕ್ಕೊಂದು ಹೆಣೆದುಕೊಂಡವು. ಏಕೆಂದರೆ ಪೊಲೀಸರ ಲಾಠಿಯಾಗಲಿ ಸಮಾಜದ ತಿರಸ್ಕಾರವಾಗಲಿ ಇವರಲ್ಲಿ ಭೇದವೆಣಿಸಲಿಲ್ಲ.

ಒಂದೇ ಪೆಟ್ಟು ತಿಂದವರು ಒಂದೇ ಮನಸ್ಸಿನವರಾಗಿರುತ್ತಾರೆ ಎಂದು ಹೊರಗಿನವರು ಭಾವಿಸುವುದು ಸಹಜ. ವಾಸ್ತವ ಅಷ್ಟು ಸರಳವಲ್ಲ. ಆ ಕೊನೆಯ ಅಕ್ಷರಕ್ಕೆ ಸೇರಿದವರು ಉಳಿದ ಮೂವರನ್ನು ಹೇಗೆ ಕಾಣುತ್ತಾರೆ? ಕೃತಜ್ಞತೆಯಿಂದಲೋ, ಅಸಮಾಧಾನದಿಂದಲೋ, ಅನುಮಾನದಿಂದಲೋ? ಈ ಪ್ರಶ್ನೆಗೆ ಸಿದ್ಧಾಂತಗಳಲ್ಲಿ ಸಿಗದ ಉತ್ತರ ನನಗೆ ಒಂದು ಬದುಕಿನಲ್ಲಿ ಸಿಕ್ಕಿದೆ. ಅದು ನ್ಯೂಯಾರ್ಕಿನ ಬೀದಿಗಳಲ್ಲಿ ಬೆಳೆದು, 2002ರಲ್ಲಿ ತನ್ನ 50ನೇ ವಯಸ್ಸಿನಲ್ಲಿ ತೀರಿಕೊಂಡ ಸಿಲ್ವಿಯಾ ರಿವೇರಾಳ ಬದುಕು. ಸಲಿಂಗಪ್ರೇಮಿಗಳ ಹಕ್ಕಿನ ಚಳವಳಿ ಕಣ್ಣುಬಿಟ್ಟ ದಿನಗಳಲ್ಲೇ ಅದಕ್ಕಾಗಿ ಜೈಲು ಕಂಡವಳು ಈಕೆ. ಅದೇ ಚಳವಳಿಯ ವೇದಿಕೆಯಲ್ಲಿ ತನ್ನವರಿಂದಲೇ ಛೀಮಾರಿ ಹಾಕಿಸಿಕೊಂಡವಳೂ ಈಕೆಯೇ.

ಸಿಲ್ವಿಯಾ ಹುಟ್ಟಿದ್ದು 1951ರ ಜುಲೈ 2ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಪೋರ್ಟೊರಿಕೊ ಮೂಲದವನು, ತಾಯಿ ವೆನಿಜುವೆಲಾ ಮೂಲದವಳು. ಜನನದ ದಾಖಲೆಯಲ್ಲಿ ಗಂಡುಮಗು. ತಂದೆ ಬಹುಬೇಗ ಸಂಸಾರ ತೊರೆದು ಹೋದ. ಮಗುವಿಗೆ 3 ವರ್ಷವಾದಾಗ ತಾಯಿ ವಿಷ ಕುಡಿದು ಪ್ರಾಣ ಕಳೆದುಕೊಂಡಳು. ಸಾಕುವ ಹೊಣೆ ಅಜ್ಜಿಯ ಮೇಲೆ ಬಿತ್ತು. ಮೊಮ್ಮಗ ತುಟಿಗೆ, ಕಣ್ಣಿಗೆ ಬಣ್ಣ ಹಚ್ಚಿಕೊಂಡು ಶಾಲೆಗೆ ಹೋಗತೊಡಗಿದಾಗ ನೆರೆಹೊರೆಯವರ ಮಾತು ಕೇಳಲಾರದೆ ಅಜ್ಜಿ ಹೊಡೆದದ್ದುಂಟು, ಅತ್ತದ್ದೂ ಉಂಟು. ಈ ಬಾಲ್ಯದ ಸಂಗತಿಗಳನ್ನು ಹೇಳುವಾಗಲೂ ನಾನು ‘ಆಕೆ’ ಎಂಬ ಮಾತನ್ನೇ ಬಳಸಲಿದ್ದೇನೆ. ತನ್ನನ್ನು ತಾನು ಹೇಗೆ ಕಂಡುಕೊಂಡಳೋ ಹಾಗೆ ಕರೆಯುವುದು ನಾವು ಆಕೆಗೆ ಸಲ್ಲಿಸಬಹುದಾದ ಕನಿಷ್ಠ ಗೌರವ.

ಇನ್ನೂ 11 ತುಂಬುವ ಹೊತ್ತಿಗೆ ಆಕೆ ಮನೆ ಬಿಟ್ಟು 42ನೇ ಬೀದಿ ಸೇರಿದಳು. ಟೈಮ್ಸ್ ಸ್ಕ್ವೇರ್‌ನ ಆ ಪ್ರದೇಶ ಆಗ ಮೈಮಾರಿಕೊಂಡು ಬದುಕುವವರ, ಮನೆಯಿಂದ ಹೊರದೂಡಲ್ಪಟ್ಟ ಎಳೆಯರ ತಾಣ. ಹೆಣ್ಣುಡುಗೆ ತೊಟ್ಟು ಬದುಕುತ್ತಿದ್ದ ಹಿರಿಯರು ಈ ಮಗುವಿಗೆ ಆಸರೆಯಾದರು. ಸಿಲ್ವಿಯಾ ಎಂಬ ಹೆಸರಿಟ್ಟವರೂ ಅವರೇ. ಅಲ್ಲಿಯೇ ಆಕೆಗೆ ಮಾರ್ಷಾ ಪಿ. ಜಾನ್ಸನ್‌ಳ ಪರಿಚಯವಾಯಿತು. ಮಾರ್ಷಾ ಕಪ್ಪುವರ್ಣದವಳು, ಸಿಲ್ವಿಯಾಗಿಂತ ಸುಮಾರು 6 ವರ್ಷ ಹಿರಿಯಳು. ಅಕ್ಕನಂತೆಯೂ ತಾಯಿಯಂತೆಯೂ ಆಕೆ ಈ ಕಿರಿಯಳನ್ನು ನೋಡಿಕೊಂಡಳು. ರಕ್ತಸಂಬಂಧ ಕೈಬಿಟ್ಟಲ್ಲಿ ಬೀದಿಯ ಸಂಬಂಧ ಕೈಹಿಡಿಯಿತು. ಸಿಲ್ವಿಯಾಳ ಪಾಲಿಗೆ ‘ಸಮುದಾಯ’ ಎಂಬ ಶಬ್ದಕ್ಕೆ ಅರ್ಥ ಹುಟ್ಟಿದ್ದು ಹೀಗೆ: ಹಸಿದವರಿಗೆ ಊಟ ಹಾಕುವವರು, ಬಂಧನವಾದಾಗ ಠಾಣೆಯ ಬಾಗಿಲಿಗೆ ಬರುವವರು. ಮುಂದೆ ದೊಡ್ಡ ಸಂಘಟನೆಗಳನ್ನೂ ಆಕೆ ಅಳೆದದ್ದು ಈ ಅಳತೆಗೋಲಿನಿಂದಲೇ.

ಆ ಕಾಲದ ಕಾನೂನು ಎಂಥದ್ದೆಂಬುದನ್ನು ಇಲ್ಲಿ ನೆನೆಯಬೇಕು. 1845ರಲ್ಲಿ ನ್ಯೂಯಾರ್ಕ್ ರಾಜ್ಯದ ಗೇಣಿದಾರ ರೈತರು ಜಮೀನುದಾರರ ವಿರುದ್ಧ ದಂಗೆಯೆದ್ದಿದ್ದರು. ಮುಖಕ್ಕೆ ಬಣ್ಣ ಬಳಿದು, ವೇಷ ಮರೆಸಿಕೊಂಡು ಅಧಿಕಾರಿಗಳನ್ನು ಎದುರಿಸುತ್ತಿದ್ದ ಅವರನ್ನು ಹತ್ತಿಕ್ಕಲು ವೇಷ ಮರೆಸುವುದನ್ನೇ ಅಪರಾಧವಾಗಿಸುವ ಕಾನೂನು ಬಂತು. ರೈತರ ದಂಗೆ ಮುಗಿದು ನೂರು ವರ್ಷ ಕಳೆದ ಮೇಲೂ ಆ ಕಾನೂನು ಉಳಿದಿತ್ತು. ಗಂಡೆಂದು ದಾಖಲಾದವರು ಹೆಣ್ಣುಡುಗೆ ತೊಟ್ಟರೆ ಪೊಲೀಸರು ಅದರಡಿಯಲ್ಲಿ ಹಿಡಿದೊಯ್ಯುತ್ತಿದ್ದರು. ಸಲಿಂಗಪ್ರೇಮಿ ಗಂಡಸು ಕೋಟು, ಟೈ ಧರಿಸಿ ಕಚೇರಿಗೆ ಹೋಗಬಹುದಿತ್ತು. ತನ್ನ ಗುಟ್ಟನ್ನು ಬಚ್ಚಿಟ್ಟುಕೊಂಡು ಸಂಬಳ ಎಣಿಸಬಹುದಿತ್ತು. ಬಚ್ಚಿಟ್ಟುಕೊಳ್ಳುವುದೂ ಒಂದು ಹಿಂಸೆಯೇ, ನಿಜ. ಆದರೆ ಸಿಲ್ವಿಯಾಳಂಥವರಿಗೆ ಬಚ್ಚಿಟ್ಟುಕೊಳ್ಳುವ ಆಯ್ಕೆಯೇ ಇರಲಿಲ್ಲ. ಅವರು ಬೀದಿಗೆ ಕಾಲಿಟ್ಟ ಕೂಡಲೇ ಅವರ ಗುಟ್ಟು ರಟ್ಟಾಗುತ್ತಿತ್ತು. ಮುಂದಿನ ಎಲ್ಲ ಮನಸ್ತಾಪಗಳ ಬೇರು ಈ ವ್ಯತ್ಯಾಸದಲ್ಲಿದೆ ಎಂದು ನಾನು ತಿಳಿದಿದ್ದೇನೆ.

1969ರ ಜೂನ್ 28ರ ಬೆಳಗಿನ ಜಾವ ಗ್ರೀನಿಚ್ ವಿಲೇಜ್ ಬಡಾವಣೆಯ ಸ್ಟೋನ್‌ವಾಲ್ ಇನ್ ಎಂಬ ಪಾನಗೃಹಕ್ಕೆ ಪೊಲೀಸರು ದಾಳಿಯಿಟ್ಟರು. ಇಂಥ ದಾಳಿಗಳು ಅಲ್ಲಿ ಹೊಸವಲ್ಲ. ಹೊಸದಾಗಿದ್ದದ್ದು ಜನರ ಪ್ರತಿರೋಧ. ಹಲವು ರಾತ್ರಿಗಳ ಕಾಲ ಕ್ರಿಸ್ಟೊಫರ್ ಬೀದಿ ಕುದಿಯಿತು. ಸಲಿಂಗಪ್ರೇಮಿಗಳ ಆಧುನಿಕ ಚಳವಳಿಗೆ ಅದು ನಾಂದಿಯಾಯಿತು. ತಾನು ಆ ರಾತ್ರಿ ಅಲ್ಲಿದ್ದೆನೆಂದು ಸಿಲ್ವಿಯಾ ಜೀವಮಾನವಿಡೀ ಹೇಳಿದಳು. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಈ ವಿವಾದವನ್ನು ಅತಿಯಾಗಿ ಹಿಂಜುವುದರಲ್ಲಿ ನನಗೆ ಆಸಕ್ತಿಯಿಲ್ಲ. ಮೊದಲ ರಾತ್ರಿ ಯಾರಿದ್ದರೆಂಬುದಕ್ಕಿಂತ ನಂತರದ ಸಾವಿರ ಹಗಲುಗಳಲ್ಲಿ ಯಾರು ದುಡಿದರೆಂಬುದು ಮುಖ್ಯ. ಆ ಲೆಕ್ಕದಲ್ಲಿ ಸಿಲ್ವಿಯಾಳ ಹೆಸರನ್ನು ಯಾರೂ ಅಳಿಸಲಾರರು.

1969ರ ಡಿಸೆಂಬರ್‌ನಲ್ಲಿ ಗೇ ಆ್ಯಕ್ಟಿವಿಸ್ಟ್ಸ್ ಅಲಯನ್ಸ್ ಎಂಬ ಸಂಘಟನೆ ಹುಟ್ಟಿತು. ಉದ್ಯೋಗ ಮತ್ತು ವಸತಿಯಲ್ಲಿ ಸಲಿಂಗಪ್ರೇಮಿಗಳ ವಿರುದ್ಧ ತಾರತಮ್ಯವನ್ನು ನಿಷೇಧಿಸುವಂತೆ ನ್ಯೂಯಾರ್ಕ್ ನಗರಸಭೆಯನ್ನು ಒತ್ತಾಯಿಸುವುದು ಅದರ ಮುಖ್ಯ ಗುರಿ. 1970ರಲ್ಲಿ ಸಿಲ್ವಿಯಾ ಅದರ ಸದಸ್ಯೆಯಾದಳು. ಸದಸ್ಯರಲ್ಲಿ ಹಲವರು ವಿದ್ಯಾವಂತ ಮಧ್ಯಮ ವರ್ಗದ ಬಿಳಿಯರು. ಅವರ ನಡುವೆ ಈ 18ರ ಬಡ ಹುಡುಗಿ, ಸಭೆಯಲ್ಲಿ ಗಂಟಲು ಹರಿಯುವಂತೆ ಮಾತನಾಡುವವಳು, ಮುಜುಗರ ತರುವವಳು. ಆದರೆ ಸಹಿ ಸಂಗ್ರಹಿಸಲು ತನಗೆ ಪರಿಚಿತವಾಗಿದ್ದ 42ನೇ ಬೀದಿಯಲ್ಲೇ ನಿಂತವಳು ಆಕೆ. ಅದೇ ವರ್ಷದ ಏಪ್ರಿಲ್‌ನಲ್ಲಿ ಸಹಿ ಕೇಳುತ್ತಿದ್ದಾಗಲೇ ಬಂಧಿತಳಾದಳು. ಮಸೂದೆಯ ಕುರಿತು ಮುಚ್ಚಿದ ಬಾಗಿಲ ಹಿಂದೆ ಸಭೆ ನಡೆಯುತ್ತಿದ್ದಾಗ ಲಂಗ ತೊಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ ನಗರಸಭೆಯ ಕಿಟಕಿ ಹತ್ತಲು ಹೋಗಿ ಸಿಕ್ಕಿಬಿದ್ದಳೆಂಬ ಕಥೆ ಆಕೆಯ ಗೆಳೆಯರ ಬಾಯಲ್ಲಿ ಇಂದಿಗೂ ಉಳಿದಿದೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವು ತನ್ನ ಕಟ್ಟಡದಲ್ಲಿ ಸಲಿಂಗಪ್ರೇಮಿಗಳ ನೃತ್ಯಕೂಟ ನಡೆಯದಂತೆ ತಡೆಯಿತು. ಅದನ್ನು ಪ್ರತಿಭಟಿಸಿ ನಡೆದ ಧರಣಿಯಲ್ಲಿ ಸಿಲ್ವಿಯಾ, ಮಾರ್ಷಾ ಮತ್ತು ಅವರ ಬೀದಿಯ ಗೆಳತಿಯರು ಮುಂಚೂಣಿಯಲ್ಲಿದ್ದರು. ಪೊಲೀಸರು ಬಂದಾಗ ಉಳಿದವರು ಎದ್ದು ಹೋದರೂ ತಾವು ಕದಲಲಿಲ್ಲ ಎಂಬುದು ಸಿಲ್ವಿಯಾಳ ನೆನಪು. ಆ ಅನುಭವದಿಂದ ಹುಟ್ಟಿದ್ದೇ ‘ಸ್ಟಾರ್’, ಅಂದರೆ ‘ಸ್ಟ್ರೀಟ್ ಟ್ರಾನ್ಸ್‌ವೆಸ್ಟೈಟ್ ಆ್ಯಕ್ಷನ್ ರೆವಲ್ಯೂಷನರೀಸ್’ ಎಂಬ ಸಂಘಟನೆ. ಟ್ರಾನ್ಸ್‌ಜೆಂಡರ್ ಎಂಬ ಶಬ್ದ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಹುಟ್ಟಿನಿಂದ ಗುರುತಿಸಿದ ಲಿಂಗಕ್ಕೆ ಹೊರತಾದ ಉಡುಗೆ ತೊಟ್ಟು ಬದುಕುವವರನ್ನು ಟ್ರಾನ್ಸ್‌ವೆಸ್ಟೈಟ್ ಎನ್ನುತ್ತಿದ್ದರು. ಆ ಸಂಘಟನೆಯ ಬೇಡಿಕೆಪಟ್ಟಿಯನ್ನು ಇಂದು ನೋಡಿದರೆ ಅಚ್ಚರಿಯಾಗುತ್ತದೆ. ತಾವು ಬದುಕುವ ಲಿಂಗದ ಗುರುತುಚೀಟಿ ಬೇಕು, ಪೊಲೀಸ್ ಕಿರುಕುಳ ನಿಲ್ಲಬೇಕು ಎನ್ನುವುದರ ಜೊತೆಗೆ ಉಚಿತ ಶಿಕ್ಷಣ, ಆಹಾರ, ವಸತಿ, ವೈದ್ಯಕೀಯ ಸೌಲಭ್ಯಗಳೂ ಅದರಲ್ಲಿದ್ದವು. ಅದು ಅಸ್ಮಿತೆಯ ಬೇಡಿಕೆಯಷ್ಟೇ ಅಲ್ಲ, ಹೊಟ್ಟೆಯ ಬೇಡಿಕೆಯೂ ಆಗಿತ್ತು.

ಬೇಡಿಕೆಗಳನ್ನು ಈಡೇರಿಸಲು ಸರ್ಕಾರಕ್ಕಾಗಿ ಅವರು ಕಾಯಲಿಲ್ಲ. ಮೊದಲು ನಿಲ್ಲಿಸಿಟ್ಟ ಲಾರಿಯೊಂದರ ಟ್ರೈಲರಿನಲ್ಲಿ, ಆಮೇಲೆ ಈಸ್ಟ್ ವಿಲೇಜ್‌ನ ಎರಡನೇ ಬೀದಿಯ ಪಾಳುಬಿದ್ದ ಕಟ್ಟಡವೊಂದರಲ್ಲಿ ಮನೆಯಿಲ್ಲದ ಎಳೆಯರಿಗಾಗಿ ‘ಸ್ಟಾರ್ ಹೌಸ್’ ತೆರೆದರು. ಆ ಮಕ್ಕಳು ಮೈಮಾರಿಕೊಳ್ಳುವ ಪಾಡು ಬರಬಾರದೆಂದು ಸಿಲ್ವಿಯಾ ಮತ್ತು ಮಾರ್ಷಾ ತಾವೇ ಬೀದಿಯಲ್ಲಿ ನಿಂತು ದುಡಿದು ಬಾಡಿಗೆ ಹೊಂದಿಸುತ್ತಿದ್ದರು. ಆಗ ಸಿಲ್ವಿಯಾಗೆ 19 ವರ್ಷ. ಬಾಡಿಗೆ ಕಟ್ಟಲಾಗದೆ 1971ರ ಬೇಸಿಗೆಯಲ್ಲಿ ಆ ಮನೆ ಮುಚ್ಚಿಹೋಯಿತು. ಸಲಿಂಗಪ್ರೇಮಿಗಳ ಸಂಘಟನೆಗಳು ಆ ಹೊತ್ತಿಗೆ ಸಾಕಷ್ಟು ಬೆಳೆದಿದ್ದವು. ಅವುಗಳಿಂದ ನಿರೀಕ್ಷಿಸಿದ ನೆರವು ತನಗೆ ದೊರೆಯಲಿಲ್ಲ ಎಂಬ ನೋವನ್ನು ಸಿಲ್ವಿಯಾ ಕೊನೆಯವರೆಗೂ ಮರೆಯಲಿಲ್ಲ.

ಇನ್ನು 1973ರ ಜೂನ್ 24. ಸ್ಟೋನ್‌ವಾಲ್ ಪ್ರತಿರೋಧದ ನಾಲ್ಕನೇ ವರ್ಷಾಚರಣೆ. ಮೆರವಣಿಗೆ ಮುಗಿಸಿ ಸಾವಿರಾರು ಜನ ವಾಷಿಂಗ್ಟನ್ ಸ್ಕ್ವೇರ್ ಉದ್ಯಾನದಲ್ಲಿ ಸೇರಿದ್ದರು. ಭಾಷಣಕಾರರ ಪಟ್ಟಿಯಲ್ಲಿ ಸಿಲ್ವಿಯಾಳ ಹೆಸರಿರಲಿಲ್ಲ. ಹೋರಾಡಿಯೇ ಆಕೆ ವೇದಿಕೆ ಹತ್ತಬೇಕಾಯಿತು. ಧ್ವನಿವರ್ಧಕ ಕೈಗೆ ಬಂದಾಗ ನೆರೆದವರಲ್ಲಿ ಅನೇಕರು ಕೂಗಿ ಧಿಕ್ಕರಿಸಿದರು. ಆಕೆ ಹೇಳಲು ಬಂದದ್ದು ಜೈಲಿನಲ್ಲಿದ್ದವರ ವಿಷಯ. ಬಂಧನದಲ್ಲಿ ಹೊಡೆತ, ಅತ್ಯಾಚಾರಗಳಿಗೆ ಈಡಾದ ತಮ್ಮವರೇ ವಾರವಾರವೂ ಕಾಗದ ಬರೆದು ನೆರವು ಬೇಡುತ್ತಿದ್ದಾರೆ, ಆದರೆ ಇಲ್ಲಿ ನೆರೆದವರು ಅವರಿಗಾಗಿ ಏನನ್ನೂ ಮಾಡುತ್ತಿಲ್ಲ ಎಂಬುದು ಆಕೆಯ ಆರೋಪ. ತಾನು ಈ ಚಳವಳಿಗಾಗಿ ಪೆಟ್ಟು ತಿಂದದ್ದನ್ನೂ, ಕೆಲಸ, ಮನೆ ಕಳೆದುಕೊಂಡದ್ದನ್ನೂ ನೆನಪಿಸಿದಳು. ಈ ಚಳವಳಿ ಬಿಳಿಯ ಮಧ್ಯಮ ವರ್ಗದವರ ಕೂಟವಾಗುತ್ತಿದೆ ಎಂದು ನೇರವಾಗಿಯೇ ಚುಚ್ಚಿದಳು. ಆದರೆ ಮಾತು ಮುಗಿಸಿದ್ದು ಹೇಗೆ? ಧಿಕ್ಕರಿಸಿದ ಅದೇ ಜನಸ್ತೋಮದಿಂದ ‘ಗೇ ಪವರ್’ ಎಂಬ ಘೋಷಣೆಯನ್ನು ಒಂದೊಂದೇ ಅಕ್ಷರವಾಗಿ ಕೂಗಿಸುವ ಮೂಲಕ. ಆ ದಿನದ ಚಿತ್ರಸುರುಳಿ ಉಳಿದಿದೆ. ಕೊನೆಯ ಅಕ್ಷರಗಳ ಹೊತ್ತಿಗೆ ಆಕೆಯ ಧ್ವನಿ ಒಡೆದಿರುವುದನ್ನು ಯಾರೂ ಕೇಳಬಹುದು.

ನಂತರ ಲೆಸ್ಬಿಯನ್ ಸ್ತ್ರೀವಾದಿಗಳ ಪರವಾಗಿ ಜೀನ್ ಓಲಿಯರಿ ಹೇಳಿಕೆಯೊಂದನ್ನು ಓದಿದಳು. ಹೆಣ್ಣುಡುಗೆ ತೊಟ್ಟು ಮನರಂಜನೆ ನೀಡುವ, ಅದರಿಂದ ಲಾಭ ಮಾಡಿಕೊಳ್ಳುವ ಗಂಡಸರು ಹೆಣ್ಣನ್ನು ಅಣಕಿಸುತ್ತಿದ್ದಾರೆಂಬುದು ಅದರ ಸಾರ. ಅದಕ್ಕೆ ಉತ್ತರವಾಗಿ ಲೀ ಬ್ರೂಸ್ಟರ್, ನಿಮಗೆ ಇಂದು ಈ ಬಹಿರಂಗ ಬದುಕು ದಕ್ಕಿರುವುದೇ ನಮ್ಮಂಥವರಿಂದ ಎಂದು ಕೆರಳಿ ನುಡಿದಳು. ಗದ್ದಲ ಶಮನವಾಗಲು ಗಾಯಕಿ ಬೆಟ್ಟಿ ಮಿಡ್ಲರ್ ಬಂದು ಹಾಡಬೇಕಾಯಿತು. ಇಲ್ಲಿ ಓಲಿಯರಿಯನ್ನು ಖಳನಾಯಕಿಯಾಗಿಸುವುದು ಸುಲಭ, ನ್ಯಾಯವಲ್ಲ. ಗಂಡಸರೇ ತುಂಬಿದ್ದ ಸಂಘಟನೆಗಳಲ್ಲಿ ಮೂಲೆಗುಂಪಾಗಿದ್ದ ಹೆಂಗಸರ ಸಿಟ್ಟೂ ಅವಳ ಮಾತಿನಲ್ಲಿತ್ತು. ವರ್ಷಗಳ ನಂತರ ಆ ನಿಲುವಿನ ಬಗ್ಗೆ ಅವಳು ವಿಷಾದಿಸಿದಳೆಂಬುದನ್ನೂ ಹೇಳಬೇಕು. ಪೆಟ್ಟು ತಿಂದವರು ತಮಗಿಂತ ಹೆಚ್ಚು ಪೆಟ್ಟು ತಿಂದವರನ್ನು ಗುರುತಿಸಲಾರದೆ ಹೋಗುವುದು ಎಲ್ಲ ಚಳವಳಿಗಳಲ್ಲೂ ಕಾಣುವ ದುರಂತ.

ಆ ದಿನದ ಅವಮಾನ ಸಿಲ್ವಿಯಾಳನ್ನು ಮುರಿಯಿತು. ಮನೆಗೆ ಹೋಗಿ ಕೈ ಕೊಯ್ದುಕೊಂಡಳು. ಮಾರ್ಷಾ ಬಂದು ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡಳು. ಇತ್ತ ನಗರಸಭೆಯಲ್ಲಿ, ಯಾವ ಮಸೂದೆಗಾಗಿ ಆಕೆ ಜೈಲು ಕಂಡಿದ್ದಳೋ ಅದನ್ನು ಪಾಸು ಮಾಡಿಸಿಕೊಳ್ಳುವ ಚೌಕಾಸಿ ನಡೆದಿತ್ತು. ಉಡುಗೆ ತೊಡುಗೆಯ ನಿಯಮಗಳಿಗೆ ಈ ಮಸೂದೆ ಅನ್ವಯಿಸುವುದಿಲ್ಲ ಎಂಬ ಒಕ್ಕಣೆ ಅದರಲ್ಲಿ ಸೇರಿತು. ಸರಳವಾಗಿ ಹೇಳಬೇಕೆಂದರೆ, ಕೋಟು ತೊಟ್ಟ ಸಲಿಂಗಪ್ರೇಮಿಗೆ ರಕ್ಷಣೆ ಉಂಟು, ಲಂಗ ತೊಟ್ಟ ಸಿಲ್ವಿಯಾಗೆ ಇಲ್ಲ. ಹೀಗೆ ಮಾಡಿದವರ ತರ್ಕ ಏನೆಂಬುದು ನಮಗೆ ಅರ್ಥವಾಗದ್ದೇನಲ್ಲ. ಸಿಗುವಷ್ಟನ್ನು ಮೊದಲು ಪಡೆಯೋಣ, ಉಳಿದವರಿಗಾಗಿ ಆಮೇಲೆ ಹೋರಾಡೋಣ ಎಂಬುದು ಎಲ್ಲ ದೇಶಗಳ ರಾಜಕಾರಣದಲ್ಲೂ ವ್ಯವಹಾರಜ್ಞಾನವೆನಿಸಿಕೊಂಡಿದೆ.

ಆಕೆ ನಗರ ಬಿಟ್ಟು, ಹಡ್ಸನ್ ನದಿಯ ದಂಡೆಯ ಟ್ಯಾರಿಟೌನ್ ಎಂಬ ಊರು ಸೇರಿದಳು. ಅಡುಗೆಮನೆಗಳಲ್ಲಿ, ಊಟೋಪಚಾರದ ಕೆಲಸಗಳಲ್ಲಿ ದುಡಿದಳು. ಚಳವಳಿಯ ಪಾಲಿಗೆ ಸುಮಾರು 20 ವರ್ಷ ಕಣ್ಮರೆಯಾದಳು. ನ್ಯೂಯಾರ್ಕ್ ನಗರದ ಆ ಮಸೂದೆ 1986ರಲ್ಲಿ ಕೊನೆಗೂ ಅಂಗೀಕಾರವಾದಾಗ ಸಿಲ್ವಿಯಾಳಂಥವರು ಅದರ ರಕ್ಷಣೆಗೆ ಹೊರಗಾಗಿಯೇ ಉಳಿದಿದ್ದರು.

ಈ ಹಂತದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೆಲ್ಲರೂ ಸಲಿಂಗಪ್ರೇಮಿಗಳನ್ನು ಸಿಲ್ವಿಯಾಳ ಕಣ್ಣಿನಿಂದಲೇ ಕಂಡರೆಂದಲ್ಲ. ಡೆನ್ಮಾರ್ಕಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 1952ರಲ್ಲಿ ಜಗತ್ಪ್ರಸಿದ್ಧಳಾದ ಕ್ರಿಸ್ಟೀನ್ ಜಾರ್ಗೆನ್ಸನ್ ತನ್ನನ್ನು ಸಲಿಂಗಪ್ರೇಮಿಗಳಿಂದ ಬೇರೆಯಾಗಿಯೇ ಗುರುತಿಸಿಕೊಂಡಳು. ತಾನು ಗಂಡಸನ್ನು ಪ್ರೀತಿಸುವ ಗಂಡಸಲ್ಲ, ಹೆಂಗಸು ಎಂಬುದು ಆಕೆಯ ನಿಲುವಾದ್ದರಿಂದ ಆ ಅಂತರ ಆಕೆಗೆ ಅಗತ್ಯವಾಗಿತ್ತು. ಇನ್ನೊಂದು ತುದಿಯಲ್ಲಿ ಲೂ ಸಲಿವನ್ ಇದ್ದಾನೆ. ಸಿಲ್ವಿಯಾ ಹುಟ್ಟಿದ 1951ರಲ್ಲೇ ಹುಟ್ಟಿದ ಈತ ಹೆಣ್ಣೆಂದು ದಾಖಲಾಗಿ, ಗಂಡಾಗಿ ಬದುಕಿದವನು ಮತ್ತು ಗಂಡಸರನ್ನು ಪ್ರೀತಿಸಿದವನು. ಗಂಡಾಗಬಯಸುವವರು ಹೆಣ್ಣನ್ನೇ ಪ್ರೀತಿಸಬೇಕೆಂದು ನಂಬಿದ್ದ ವೈದ್ಯರು ಅವನಿಗೆ ಚಿಕಿತ್ಸೆ ನಿರಾಕರಿಸಿದರು. ಸಲಿಂಗಪ್ರೇಮಿ ಎಂಬ ಗುರುತನ್ನು ಬಿಟ್ಟುಕೊಡಲು ಅವನು ಒಪ್ಪಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತನ್ನಂಥವರಿಗಾಗಿ ಸಂಘ ಕಟ್ಟಿದ ಅವನು 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಒಬ್ಬಳು ದೂರ ಸರಿದಳು, ಒಬ್ಬ ಒಳಗೆ ಬರಲು ಹಟ ಹಿಡಿದ. ಸಿಲ್ವಿಯಾ ಈ ಎರಡರ ನಡುವೆ ನಿಲ್ಲುತ್ತಾಳೆ. ಆಕೆ ದೂರ ಸರಿಯಲಿಲ್ಲ, ಒಳಗೆ ಬಿಡಿ ಎಂದು ಬೇಡಲೂ ಇಲ್ಲ. ಈ ಮನೆ ನನ್ನದೂ ಹೌದು ಎಂದು ಜಗಳವಾಡಿದಳು.

1992ರ ಜುಲೈನಲ್ಲಿ ಮಾರ್ಷಾಳ ಶವ ಹಡ್ಸನ್ ನದಿಯಲ್ಲಿ ಸಿಕ್ಕಿತು. ಪೊಲೀಸರು ಆತ್ಮಹತ್ಯೆ ಎಂದರು, ಗೆಳೆಯರು ನಂಬಲಿಲ್ಲ, 20 ವರ್ಷಗಳ ನಂತರ ಪ್ರಕರಣವನ್ನು ಮತ್ತೆ ತೆರೆಯಲಾಯಿತು. ಆ ಸಾವಿನ ಬಳಿಕ ಸಿಲ್ವಿಯಾ ನಗರಕ್ಕೆ ಮರಳಿದಳು. 1994ರಲ್ಲಿ ಸ್ಟೋನ್‌ವಾಲ್‌ನ 25ನೇ ವರ್ಷಾಚರಣೆಯ ಮೆರವಣಿಗೆಯಲ್ಲಿ ಆಕೆಗೆ ಗೌರವದ ಸ್ಥಾನವೂ ದೊರೆಯಿತು. ಆದರೆ ಹಾರ ತುರಾಯಿಗಳಿಂದ ಸೂರು ಸಿಗುವುದಿಲ್ಲ. ಆ ವರ್ಷಗಳಲ್ಲಿ ಆಕೆ ಕುಡಿತಕ್ಕೆ ಬಿದ್ದು, ಹಡ್ಸನ್ ದಂಡೆಯ ಹಳೆಯ ಹಡಗುಕಟ್ಟೆಗಳ ಬಳಿ ನಿರ್ಗತಿಕರ ನಡುವೆ ಬದುಕುತ್ತಿದ್ದಳು. ಅಲ್ಲಿಯೂ ಎಳೆಯರನ್ನು ಕಟ್ಟಿಕೊಂಡೇ ಇದ್ದಳು. ಒಂದು ಚಳಿಗಾಲದಲ್ಲಿ ಸಲಿಂಗಪ್ರೇಮಿಗಳ ಸಮುದಾಯ ಕೇಂದ್ರಕ್ಕೆ ಹೋಗಿ, ಹೊರಗೆ ಚಳಿಯಲ್ಲಿ ಮಲಗಿರುವ ಮಕ್ಕಳಿಗೆ ಆಸರೆ ಕೊಡಿ ಎಂದು ಗಲಾಟೆಯೆಬ್ಬಿಸಿದಳು. ಫಲವಾಗಿ ಹಲವು ವರ್ಷ ಆಕೆಗೆ ಆ ಕೇಂದ್ರದ ಪ್ರವೇಶವೇ ನಿಷಿದ್ಧವಾಯಿತು. ವರ್ಷಾಚರಣೆಯಲ್ಲಿ ಪೂಜನೀಯಳಾದವಳು ಬಾಗಿಲಿಗೆ ಬಂದು ಕೇಳಿದಾಗ ಉಪದ್ರವವಾದಳು. ಚಳವಳಿಗಳು ತಮ್ಮ ಹಿರಿಯರನ್ನು ನಡೆಸಿಕೊಳ್ಳುವ ರೀತಿಗೆ ಇದಕ್ಕಿಂತ ಕಟುವಾದ ನಿದರ್ಶನ ನನಗೆ ತಿಳಿದಿಲ್ಲ.

ಕೊನೆಯ ಐದಾರು ವರ್ಷಗಳು ತುಸು ನೆಮ್ಮದಿಯವು. ಹಿಂದಿನ ಸ್ಟಾರ್ ಹೌಸ್‌ನ ಮಾದರಿಯಲ್ಲಿ ಬ್ರೂಕ್ಲಿನ್‌ನಲ್ಲಿ ಕೆಲವು ಟ್ರಾನ್ಸ್ ಮಹಿಳೆಯರು ‘ಟ್ರಾನ್ಸಿ ಹೌಸ್’ ಎಂಬ ಆಶ್ರಯಮನೆ ನಡೆಸುತ್ತಿದ್ದರು. ಅಲ್ಲಿ ಆಕೆಗೆ ಸೂರೂ ಸಂಗಾತಿಯೂ ದೊರೆತರು. ಕುಡಿತ ಬಿಟ್ಟಳು. ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚಿನಲ್ಲಿ ಹಸಿದವರಿಗೆ ಆಹಾರ ಹಂಚುವ ಕೆಲಸದ ಉಸ್ತುವಾರಿ ವಹಿಸಿದಳು. 2000ದ ಜೂನ್‌ನಲ್ಲಿ ನ್ಯೂಯಾರ್ಕಿನ ಬಸ್ ನಿಲ್ದಾಣದ ಬಳಿ ಅಮಾಂಡಾ ಮಿಲಾನ್ ಎಂಬ ಯುವ ಟ್ರಾನ್ಸ್ ಮಹಿಳೆಯ ಕೊಲೆಯಾಯಿತು. ನ್ಯಾಯಕ್ಕಾಗಿ ಜನರನ್ನು ಸೇರಿಸಿದವರಲ್ಲಿ ಸಿಲ್ವಿಯಾ ಪ್ರಮುಖಳು. ಮರುವರ್ಷ ಸ್ಟಾರ್ ಸಂಘಟನೆಗೆ ಮತ್ತೆ ಜೀವ ಕೊಟ್ಟಳು. ಈ ಬಾರಿ ಅದರ ಹೆಸರಿನಲ್ಲಿ ಟ್ರಾನ್ಸ್‌ಜೆಂಡರ್ ಎಂಬ ಶಬ್ದ ಸೇರಿತು. ಆಕೆಗೆ ಮಾತ್ರ ಅಷ್ಟರಲ್ಲಿ ಹಣೆಪಟ್ಟಿಗಳ ಬಗೆಗೇ ಬೇಸರ ಬಂದಿತ್ತು. ತಾನು ಕೇವಲ ಸಿಲ್ವಿಯಾ ಎನ್ನುತ್ತಿದ್ದಳು.

ಆಗ ನ್ಯೂಯಾರ್ಕ್ ರಾಜ್ಯ ಶಾಸನಸಭೆಯ ಮುಂದೆ ಸಲಿಂಗಪ್ರೇಮಿಗಳ ವಿರುದ್ಧದ ತಾರತಮ್ಯ ನಿಷೇಧಿಸುವ ಮಸೂದೆಯೊಂದಿತ್ತು. ಅದರಲ್ಲಿಯೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಪ್ರಸ್ತಾಪವಿರಲಿಲ್ಲ. 30 ವರ್ಷ ಹಿಂದೆ ಕೇಳಿದ ಅದೇ ತರ್ಕ ಮತ್ತೆ ಕೇಳಿಬಂತು: ಮೊದಲು ನಾವು, ಆಮೇಲೆ ನೀವು. ಯಕೃತ್ತಿನ ಕ್ಯಾನ್ಸರ್‌ನಿಂದ ಸೇಂಟ್ ವಿನ್ಸೆಂಟ್ ಆಸ್ಪತ್ರೆಯಲ್ಲಿ ಮಲಗಿದ್ದ ಸಿಲ್ವಿಯಾ, ಆ ಮಸೂದೆಯ ಬೆನ್ನಿಗಿದ್ದ ‘ಎಂಪೈರ್ ಸ್ಟೇಟ್ ಪ್ರೈಡ್ ಅಜೆಂಡಾ’ ಸಂಘಟನೆಯವರನ್ನು ಹಾಸಿಗೆಯ ಬಳಿ ಕೂರಿಸಿಕೊಂಡೇ ವಾದಿಸಿದಳು. 2002ರ ಫೆಬ್ರುವರಿ 19ರಂದು ಕೊನೆಯುಸಿರೆಳೆದಳು. ಅದೇ ಡಿಸೆಂಬರ್‌ನಲ್ಲಿ ಮಸೂದೆ ಅಂಗೀಕಾರವಾಯಿತು. ಆಕೆ ಕೇಳಿದ ಮಾತು ಅದರಲ್ಲಿರಲಿಲ್ಲ.

ಇಲ್ಲಿ ಓದುಗರು ಒಂದು ಲೆಕ್ಕವನ್ನು ಗಮನಿಸಬೇಕು. ನ್ಯೂಯಾರ್ಕ್ ನಗರ ಸಲಿಂಗಪ್ರೇಮಿಗಳಿಗೆ ಕಾನೂನಿನ ರಕ್ಷಣೆ ಕೊಟ್ಟದ್ದು 1986ರಲ್ಲಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಅದನ್ನು ವಿಸ್ತರಿಸಿದ್ದು 2002ರ ಏಪ್ರಿಲ್‌ನಲ್ಲಿ, ಸಿಲ್ವಿಯಾ ತೀರಿಕೊಂಡ ಎರಡು ತಿಂಗಳಿಗೆ. ರಾಜ್ಯದ ಮಟ್ಟದಲ್ಲಿ ಮೊದಲಿನವರಿಗೆ ರಕ್ಷಣೆ ದೊರೆತದ್ದು 2002ರ ಡಿಸೆಂಬರ್‌ನಲ್ಲಿ. ಕೊನೆಯವರಿಗೆ 2019ರ ಜನವರಿಯಲ್ಲಿ. ಎರಡು ಕಡೆಯೂ ಆ ‘ಆಮೇಲೆ’ ಎಂಬ ಮಾತಿನ ಉದ್ದ 16 ವರ್ಷ. ಬೀದಿಯಲ್ಲಿ ಬದುಕುವವರ ಪಾಲಿಗೆ 16 ವರ್ಷವೆಂದರೆ ಒಂದು ಇಡೀ ತಲೆಮಾರು. ಕಾಯಲು ಸಾಧ್ಯವಿದ್ದವರು ಪಡೆದರು, ಕಾಯಲಾರದವರಿಗೆ ಕಾಯಲು ಹೇಳಲಾಯಿತು.

ಆಕೆ ಹೋದ ಮೇಲೆ ಗೌರವಗಳು ಸಾಲುಗಟ್ಟಿ ಬಂದವು. 2002ರಲ್ಲಿಯೇ ಬಡ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಕಾನೂನು ನೆರವು ನೀಡುವ ಸಂಸ್ಥೆಯೊಂದು ಆಕೆಯ ಹೆಸರಿನಲ್ಲಿ ಆರಂಭವಾಯಿತು. 2005ರಲ್ಲಿ ಸ್ಟೋನ್‌ವಾಲ್‌ಗೆ ಸಮೀಪದ ಬೀದಿಯೊಂದು ‘ಸಿಲ್ವಿಯಾ ರಿವೇರಾ ವೇ’ ಆಯಿತು. 2015ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯ ಆಕೆಯ ಛಾಯಾಚಿತ್ರವನ್ನು ತನ್ನ ಗೋಡೆಯ ಮೇಲೇರಿಸಿತು. 2016ರಲ್ಲಿ ಸ್ಟೋನ್‌ವಾಲ್ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾಯಿತು. ಇಷ್ಟೆಲ್ಲ ಆದ ಮೇಲೆ, 2025ರ ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯು ಆ ಸ್ಮಾರಕದ ಅಧಿಕೃತ ಅಂತರ್ಜಾಲ ಪುಟದಿಂದ ಟ್ರಾನ್ಸ್‌ಜೆಂಡರ್ ಎಂಬ ಶಬ್ದವನ್ನೂ ‘ಟಿ’ ಅಕ್ಷರವನ್ನೂ ತೆಗೆದುಹಾಕಿತು. ಈ ಬಾರಿ ಅಳಿಸಿದ್ದು ಸರ್ಕಾರ. ಪ್ರತಿಭಟಿಸಲು ಸ್ಮಾರಕದ ಮುಂದೆ ಸೇರಿದವರಲ್ಲಿ ಸಲಿಂಗಪ್ರೇಮಿಗಳೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಜೊತೆಯಾಗಿದ್ದರು. 1973ರಲ್ಲಿ ಆಕೆ ಬೇಡಿದ್ದು ಇದನ್ನೇ ಅಲ್ಲವೇ ಎಂದು ನನಗನ್ನಿಸಿತು.

ನಮ್ಮ ದೇಶದಲ್ಲಿ ಈ ಕ್ರಮ ತಿರುವುಮುರುವಾಗಿದೆ. ಸುಪ್ರೀಂ ಕೋರ್ಟ್ 2013ರ ಡಿಸೆಂಬರ್‌ನಲ್ಲಿ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಸೆಕ್ಷನ್ನನ್ನು ಎತ್ತಿಹಿಡಿಯಿತು. ನಾಲ್ಕೇ ತಿಂಗಳ ಬಳಿಕ, 2014ರ ಏಪ್ರಿಲ್‌ನಲ್ಲಿ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳನ್ನು ಮಾನ್ಯ ಮಾಡಿತು. ಸಲಿಂಗಪ್ರೇಮಿಗಳು ಅಪರಾಧಿಗಳಲ್ಲವೆಂಬ ತೀರ್ಪಿಗೆ 2018ರವರೆಗೆ ಕಾಯಬೇಕಾಯಿತು. ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ 1ರಷ್ಟು ಮೀಸಲಾತಿಯನ್ನು ಕರ್ನಾಟಕ 2021ರಲ್ಲಿ ತಂದಿತು. ಕಾಗದದ ಮೇಲೆ ಇಲ್ಲಿ ಕೊನೆಯ ಅಕ್ಷರದವರೇ ಮುಂದಾದರು. ಆದರೆ ಸಂವಾದದ ಸಭಾಂಗಣಗಳಲ್ಲಿ ಮಾತನಾಡುವವರು ಯಾರು, ಸಿಗ್ನಲ್ಲಿನಲ್ಲಿ ಕೈಚಾಚಿ ನಿಲ್ಲುವವರು ಯಾರು ಎಂದು ನೋಡಿದರೆ, ಸಿಲ್ವಿಯಾ ಕೇಳಿದ ಪ್ರಶ್ನೆ ಇಲ್ಲಿಯೂ ಬದುಕಿದೆ.

ಸಿಲ್ವಿಯಾಳ ಬದುಕು ಕಲಿಸುವುದೇನು? ಟ್ರಾನ್ಸ್‌ಜೆಂಡರ್ ಆಗಿದ್ದುದು ಆಕೆಗೆ ತನ್ನ ಸಮುದಾಯವನ್ನು ನೋಡಲು ವಿಶೇಷವಾದೊಂದು ಜಾಗವನ್ನು ಕೊಟ್ಟಿತು: ಹೊಸ್ತಿಲಿನಾಚೆಯ ಜಾಗ. ಅಲ್ಲಿ ನಿಂತವರಿಗೆ ಒಳಗಿನ ಔತಣವೂ ಕಾಣುತ್ತದೆ, ಹೊರಗಿನ ಚಳಿಯೂ ತಾಗುತ್ತದೆ. ಹಾಗಾಗಿ ಆಕೆಯ ಪ್ರೀತಿಗೂ ಸಿಟ್ಟಿಗೂ ಗಡಿರೇಖೆ ಎಳೆಯಲಾಗುವುದಿಲ್ಲ. ತನ್ನವರಲ್ಲದವರ ಮೇಲೆ ಯಾರೂ 30 ವರ್ಷ ಮುನಿಸಿಕೊಂಡಿರುವುದಿಲ್ಲ. ಒಂದು ಸಮಾಜದ ನಡೆಯನ್ನು ಅದರ ಕಟ್ಟಕಡೆಯ ಮನುಷ್ಯನ ಮುಖ ನೆನೆದು ತೀರ್ಮಾನಿಸಬೇಕೆಂಬ ವಿವೇಕವನ್ನು ನಾವು ಗಾಂಧೀಜಿಯಿಂದ ಕೇಳಿದ್ದೇವೆ. ಶಾಲೆ ಮುಗಿಸದ, ಜೈಲು ಕಂಡ, ಬೀದಿಯಲ್ಲಿ ಬೆಳೆದ ಈ ಹೆಣ್ಣು ಅದೇ ವಿವೇಕವನ್ನು ತನ್ನ ಹಸಿವಿನಿಂದ ಕಲಿತಿದ್ದಳು. ಹಕ್ಕುಗಳ ಪಟ್ಟಿ ಸಿದ್ಧಪಡಿಸುವಾಗ ಯಾರ ಹೆಸರನ್ನು ‘ಆಮೇಲೆ’ಗೆ ಸರಿಸಲಾಗುತ್ತಿದೆ ಎಂದು ನೋಡುವ ಅಭ್ಯಾಸ ನಮಗೆ ಬಂದರೆ, ಆಕೆಯ ಒಡೆದ ಧ್ವನಿ ವ್ಯರ್ಥವಾಗಲಿಲ್ಲ ಎಂದುಕೊಳ್ಳಬಹುದು.